ಇಪ್ಪತ್ತು ಕಠ್ಠಾದಲ್ಲಿ ಮೂರು: ಚಂಪಾರಣ್ ನೀಲಿಯ ಎಗ್ರಿಮೆಂಟ್ ಕಥೆ

ಈ ವಾರದ ಮಾತಿನ ಬರಹರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಆಫೀಸ್ ಬಸ್ಸಲ್ಲಿ ಕೂತು ಓದ್ಕೋತೀವಿ ಅನ್ನೋರಿಗಾಗಿ. ಮಾತಾಡುವಾಗ ಅವಸರದಲ್ಲಿ ಬಿಟ್ಟುಹೋದ ಕೆಲವು ವಿಷಯಗಳನ್ನೂ ಇಲ್ಲಿ ಸೇರಿಸಿದ್ದೀನಿ.

ಮೊದಲು ನಮ್ಮ ಕಡೆಯಿಂದಲೇ ಶುರು ಮಾಡ್ತೀನಿ. ಎಂಟೆಕ್ ಮುಗಿಸಿ ಮೊದಲ ಕೆಲಸಕ್ಕೆ ಸೇರಿದಾಗ ನನ್ನ ಕೈಯಲ್ಲಿ ಎರಡು ವರ್ಷದ ಬಾಂಡ್‌ಗೆ ಸಹಿ ಹಾಕಿಸಿಕೊಂಡಿದ್ರು. ಮಧ್ಯೆ ಬಿಟ್ಟರೆ ಇಷ್ಟು ದುಡ್ಡು ಕಟ್ಟಬೇಕು ಅಂತ. ಇಪ್ಪತ್ತು ಪುಟದ ಕಾಗದ, ನಾನು ಓದಿದ್ದು ಸಂಬಳ ಬರೆದಿದ್ದ ಪುಟ ಮಾತ್ರ. ನಿಮ್ಮಲ್ಲೂ ಬಹಳ ಜನ ಹೀಗೇ ಮಾಡಿರ್ತೀರಿ. ಈಗ ಒಂದು ಲೆಕ್ಕ ಹಾಕಿ. ಕಂಪನಿಯ ಪ್ರಾಜೆಕ್ಟೇ ಮುಚ್ಚಿಹೋಯ್ತು, ನಿಮ್ಮಿಂದ ಅವರಿಗೆ ಏನೂ ಕೆಲಸ ಇಲ್ಲ. ಆದ್ರೂ ಅವರು ನಿಮ್ಮನ್ನು ಕರೆದು, "ನೋಡಪ್ಪಾ, ನಿನಗೆ ಬಿಡುಗಡೆ ಕೊಡ್ತಾ ಇದ್ದೀವಿ. ಬಾಂಡ್ ದುಡ್ಡು ಕಟ್ಟಿ ಹೋಗು" ಅಂತಾರೆ. ಅವರಿಗೇ ಬೇಡವಾದ ಕೆಲಸದಿಂದ ಬಿಡುಗಡೆ ಪಡೆಯೋಕೆ ನೀವು ದುಡ್ಡು ಕೊಡಬೇಕು.

ನಮಗೆ ಇದು ಬರೀ ಊಹೆ. ಉತ್ತರ ಬಿಹಾರದ ಚಂಪಾರಣ್ ಜಿಲ್ಲೆಯ ರೈತರಿಗೆ ಸುಮಾರು ನೂರ ಹತ್ತು ವರ್ಷದ ಹಿಂದೆ ನಿಜವಾಗಿ ಆಗಿದ್ದು ಇದೇ. ಅಲ್ಲಿ ಆ ದುಡ್ಡಿಗೆ ಒಂದು ಹೆಸರೂ ಇತ್ತು: ತಾವಾನ್.

ಶಾಲೆ ಪುಸ್ತಕದಲ್ಲಿ ಚಂಪಾರಣ್ ಬಗ್ಗೆ ನಾವು ಓದಿದ್ದು ಎರಡು ಸಾಲು. 1917ರಲ್ಲಿ ಗಾಂಧೀಜಿ ಹೋದರು, ನೀಲಿ ಬೆಳೆಗಾರರ ಶೋಷಣೆ ನಿಂತಿತು. ಪರೀಕ್ಷೆಗೆ ಎರಡು ಮಾರ್ಕು. ಈಚೆಗೆ ವಾಟ್ಸಾಪಲ್ಲಿ ಇನ್ನೊಂದು ವಾದ ಓಡಾಡ್ತಾ ಇದೆ: "ಜರ್ಮನಿಯ ಕೃತಕ ಬಣ್ಣ ಬಂದು ನೀಲಿ ಆಗಲೇ ಸತ್ತಿತ್ತು, ಗಾಂಧಿ ಹೋಗಿ ಮಾಡಿದ್ದೇನೂ ಇಲ್ಲ." ಎರಡೂ ಪೂರ್ತಿ ಸರಿಯಲ್ಲ. ಯಾಕೆ ಅನ್ನೋದು ಗೊತ್ತಾಗಬೇಕಾದರೆ ಆ ಎಗ್ರಿಮೆಂಟ್ ಏನಿತ್ತು ಅಂತ ನೋಡಬೇಕು.

ನೀಲಿ ಹೇಗೆ ಆಗುತ್ತೆ

ನೀಲಿ ಗಿಡದ ಹೂವಿಂದ ಬಣ್ಣ ಬರುತ್ತೆ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಅಲ್ಲ, ಬಣ್ಣ ಇರೋದು ಎಲೆಯಲ್ಲಿ. ಅಲ್ಲೂ ಅದು ನೀಲಿಯಾಗಿ ಇರಲ್ಲ. ಕೊಯ್ದ ಗಿಡವನ್ನ ದೊಡ್ಡ ಇಟ್ಟಿಗೆ ತೊಟ್ಟಿಯಲ್ಲಿ ನೀರು ಹಾಕಿ ಕೊಳೆಸ್ತಾರೆ. ಆ ನೀರನ್ನ ಕೆಳಗಿನ ಇನ್ನೊಂದು ತೊಟ್ಟಿಗೆ ಬಿಡ್ತಾರೆ. ಅಲ್ಲಿ ಕೂಲಿಯವರು ಸೊಂಟದ ಮಟ್ಟದ ನೀರಲ್ಲಿ ಇಳಿದು ಗಂಟೆಗಟ್ಟಲೆ ಕೋಲಿನಿಂದ ಬಡೀತಾರೆ. ಗಾಳಿ ಸೇರಿದ ಹಾಗೆ ಹಳದಿ ಹಸಿರು ನೀರು ನೀಲಿಗೆ ತಿರುಗುತ್ತೆ, ಬಣ್ಣ ತಳಕ್ಕೆ ಕೂರುತ್ತೆ. ಅದನ್ನ ಕುದಿಸಿ, ಸೋಸಿ, ಒತ್ತಿ, ಸೋಪಿನ ಹಾಗೆ ತುಂಡು ಮಾಡಿ ಒಣಗಿಸಿ ಕಲ್ಕತ್ತೆಗೆ, ಅಲ್ಲಿಂದ ಯುರೋಪಿಗೆ ಕಳಿಸ್ತಿದ್ರು.

ಕೊಯ್ದ ಗಿಡವನ್ನ ದೂರ ಸಾಗಿಸೋಕೆ ಆಗಲ್ಲ, ಕೊಯ್ದ ತಕ್ಷಣ ತೊಟ್ಟಿಗೆ ಬೀಳಬೇಕು. ಹಾಗಾಗಿ ಹೊಲಗಳ ನಡುವೆಯೇ ಕಾರ್ಖಾನೆ. ಅದನ್ನ ಅಲ್ಲಿ ಕೋಠಿ ಅಂತಿದ್ರು. ಕೋಠಿಯ ದೊರೆಗೆ ಸುತ್ತಲಿನ ರೈತರ ಭೂಮಿ ತನ್ನ ಹಿಡಿತದಲ್ಲಿ ಇರಲೇಬೇಕು, ಇಲ್ಲದಿದ್ರೆ ತೊಟ್ಟಿ ಖಾಲಿ. ಒತ್ತಾಯ ಹುಟ್ಟಿದ್ದು ಇಲ್ಲಿಂದ.

ಇದಕ್ಕೂ ಮೊದಲು ನೀಲಿಯ ದೊಡ್ಡ ನೆಲ ಬಂಗಾಳ. ಅಲ್ಲಿ 1859-60ರಲ್ಲಿ ನಾದಿಯಾ, ಜೆಸ್ಸೋರ್ ಕಡೆಯ ರೈತರು ಒಟ್ಟಾಗಿ ಬಿತ್ತೋದಿಲ್ಲ ಅಂತ ಕೂತರು. ಸರ್ಕಾರ ನೀಲಿ ಆಯೋಗ ನೇಮಿಸಬೇಕಾಯ್ತು. ದೀನಬಂಧು ಮಿತ್ರ ಆ ಕಷ್ಟವನ್ನ ನಾಟಕ ಮಾಡಿದ್ರು. ಆ ನಾಟಕದ ಇಂಗ್ಲಿಷ್ ಅನುವಾದ ಹೊರತಂದಿದ್ದಕ್ಕೆ ಪಾದ್ರಿ ಜೇಮ್ಸ್ ಲಾಂಗ್ 1861ರಲ್ಲಿ ಒಂದು ತಿಂಗಳು ಜೈಲಿಗೆ ಹೋದರು. ಬಂಗಾಳದಲ್ಲಿ ನೀಲಿ ಇಳೀತು. ಆದ್ರೆ ವ್ಯಾಪಾರ ನಿಲ್ಲಲಿಲ್ಲ, ಪಶ್ಚಿಮಕ್ಕೆ, ಬಿಹಾರದ ಕಡೆಗೆ ಸರೀತು. ಒಂದು ಕಡೆ ರೈತ ಗೆದ್ದರೆ ಬಂಡವಾಳ ಇನ್ನೊಂದು ಕಡೆ ಹೋಗಿ ಕೂರುತ್ತೆ. ಇದನ್ನ ನಮ್ಮ ಉದ್ಯೋಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೂರು ಕಠ್ಠಾ

ನಮ್ಮಲ್ಲಿ ಎಕರೆಗೆ ನಲವತ್ತು ಗುಂಟೆ ಇದ್ದ ಹಾಗೆ ಅಲ್ಲಿ ಒಂದು ಬಿಘಾಕ್ಕೆ ಇಪ್ಪತ್ತು ಕಠ್ಠಾ. ರೈತ ತನ್ನ ಪ್ರತಿ ಬಿಘಾದಲ್ಲೂ ಮೂರು ಕಠ್ಠಾ ನೀಲಿ ಬೆಳೆಯಲೇಬೇಕು. ಇದೇ ತೀನ್‌ಕಠಿಯಾ ಪದ್ಧತಿ. ಹಿಂದೆ ಐದು ಕಠ್ಠಾ ಇತ್ತು, ಆಮೇಲೆ ಮೂರಕ್ಕೆ ಇಳೀತು. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಎಕರೆಗೆ ಆರು ಗುಂಟೆ.

ಬರೀ ನೂರಕ್ಕೆ ಹದಿನೈದು ಅಲ್ವಾ, ಅಷ್ಟೇನು ದೊಡ್ಡದು ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದ್ರೆ ಯಾವ ಮೂರು ಕಠ್ಠಾ ಅಂತ ಆರಿಸ್ತಿದ್ದವನು ರೈತ ಅಲ್ಲ, ಕೋಠಿಯ ಆಳು. ಒಳ್ಳೆಯ ಮಣ್ಣು, ಮನೆ ಹತ್ತಿರದ ಗೊಬ್ಬರದ ನೆಲವೇ ಹೋಗ್ತಿತ್ತು. ಬೆಲೆ ನಿಗದಿ ಮಾಡ್ತಿದ್ದವನು ಬೆಳೆಗಾರ. ಅದನ್ನ ಎಷ್ಟೋ ವರ್ಷಕ್ಕೊಮ್ಮೆ ಒಂದಿಷ್ಟು ಏರಿಸಿದ್ರೆ ಉಂಟು, ಇಲ್ಲದಿದ್ರೆ ಇಲ್ಲ. ಉಳುಮೆ, ಕಳೆ, ಕೊಯ್ಲು ಎಲ್ಲಾ ಕೋಠಿ ಹೇಳಿದ ದಿನವೇ ಆಗಬೇಕು. ತನ್ನ ಭತ್ತದ ಕೆಲಸ ಕಾಯಬೇಕು.

ಇಷ್ಟು ಅಧಿಕಾರ ಬೆಳೆಗಾರನಿಗೆ ಎಲ್ಲಿಂದ ಬಂತು? ಜಿಲ್ಲೆಯ ಬಹುಪಾಲು ನೆಲ ಬೇತಿಯಾ ರಾಜ್ ಅನ್ನೋ ಜಮೀನ್ದಾರಿಗೆ ಸೇರಿದ್ದು. ಆ ರಾಜಮನೆತನ ಸಾಲದಲ್ಲಿ ಮುಳುಗಿತ್ತು. 1880ರ ದಶಕದ ಕೊನೆಗೆ ಇಂಗ್ಲೆಂಡಿನಿಂದ ದೊಡ್ಡ ಸಾಲ ಎತ್ತಿದಾಗ ಅದರ ಭದ್ರತೆಗಾಗಿ ಊರೂರುಗಳನ್ನೇ ಯುರೋಪಿಯನ್ ಬೆಳೆಗಾರರಿಗೆ ಕಾಯಂ ಗುತ್ತಿಗೆಗೆ ಕೊಟ್ಟರು. ಅಲ್ಲಿಗೆ ಕಂದಾಯ ಎತ್ತುವವನೂ ಅವನೇ, ಬೆಳೆ ಕೊಳ್ಳುವವನೂ ಅವನೇ. ರೈತ ಯಾರ ಹತ್ತಿರ ಹೋಗಿ ದೂರು ಹೇಳಬೇಕು?

ಇದರ ಮೇಲೆ ಅಬ್ವಾಬ್ ಅಂತ ಕಾನೂನಿಗೆ ಹೊರತಾದ ಚಿಲ್ಲರೆ ವಸೂಲಿಗಳು. ಅಪ್ಪ ಸತ್ತು ಮಗನ ಹೆಸರಿಗೆ ಜಮೀನು ಆಗಬೇಕಾದ್ರೆ ಬಪಹೀ-ಪುತಹೀ. ಸಾಹೇಬ ಕುದುರೆ ಕೊಂಡರೆ ಅದಕ್ಕೊಂದು, ಆನೆ ಕೊಂಡರೆ ಇನ್ನೊಂದು. ಮೋಟಾರು ಬಂದ ಮೇಲೆ ಮೋಟಾರಿಗೂ ಒಂದು.

ಜರ್ಮನಿಯ ಲ್ಯಾಬು, ಬಿಹಾರದ ಹೊಲ

1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನ ಮಾರುಕಟ್ಟೆಗೆ ತಂತು. ಅಡಾಲ್ಫ್ ಫಾನ್ ಬೇಯರ್ ಅನ್ನೋ ರಸಾಯನ ವಿಜ್ಞಾನಿ ದಶಕಗಟ್ಟಲೆ ಮಾಡಿದ ಕೆಲಸ ಇದರ ಹಿಂದೆ ಇತ್ತು, ಅವರಿಗೆ 1905ರಲ್ಲಿ ನೊಬೆಲ್ ಬಂತು. ಗಿಡ ಬೇಡ, ಮಳೆ ಬೇಡ, ತೊಟ್ಟಿ ಬೇಡ, ಬಣ್ಣ ಅಗ್ಗ. ಗಿಡದ ನೀಲಿಯ ಬೆಲೆ ಕುಸೀತು. 1890ರ ದಶಕದಲ್ಲಿ ಚಂಪಾರಣ್‌ನಲ್ಲಿ 90 ಸಾವಿರ ಎಕರೆಗೂ ಹೆಚ್ಚು ಇದ್ದ ನೀಲಿ 1914ರ ಹೊತ್ತಿಗೆ 8 ಸಾವಿರದ ಆಸುಪಾಸಿಗೆ ಬಂದಿತ್ತು.

ವಾಟ್ಸಾಪ್ ವಾದ ಇಲ್ಲಿಗೆ ನಿಲ್ಲುತ್ತೆ: ನೀಲಿ ಸತ್ತಿತು, ಕಥೆ ಮುಗೀತು. ನಿಜವಾಗಿ ಕಥೆ ಕೆಟ್ಟಿದ್ದೇ ಇಲ್ಲಿಂದ. ಮಾರುಕಟ್ಟೆ ಬಿದ್ದಾಗ ನಷ್ಟ ಆಗಬೇಕಾಗಿದ್ದು ಬೆಳೆಗಾರನಿಗೆ. ಅವನು ಅದನ್ನ ರೈತನ ತಲೆಗೆ ದಾಟಿಸಿದ. ಹೇಗೆ ಅಂದ್ರೆ, "ನೀನು ನನಗೆ ಮೂರು ಕಠ್ಠಾ ನೀಲಿ ಬೆಳೆದುಕೊಡಬೇಕು ಅಂತ ಕರಾರಿದೆ. ಇನ್ನು ಮೇಲೆ ಬೇಡ, ಬಿಟ್ಟೆ. ಬದಲಿಗೆ ಪರಿಹಾರ ಕೊಡು."

ಕಾಯಂ ಗುತ್ತಿಗೆಯ ಊರುಗಳಲ್ಲಿ ಈ ಪರಿಹಾರವನ್ನ ಗೇಣಿ ಏರಿಸಿ ವಸೂಲು ಮಾಡಿದ್ರು. ಅದಕ್ಕೆ ಶರಹ್‌ಬೇಶಿ ಅಂತ ಹೆಸರು. ಬೆಳೆಗಾರನ ಗುತ್ತಿಗೆ ತಾತ್ಕಾಲಿಕವಾಗಿದ್ದ ಊರುಗಳಲ್ಲಿ ಗೇಣಿ ಏರಿಸಿದ್ರೆ ಲಾಭ ಮುಂದೆ ರಾಜ್‌ಗೆ ಹೋಗುತ್ತೆ, ಅದಕ್ಕೆ ಅಲ್ಲಿ ಒಂದೇ ಸಲಕ್ಕೆ ಗಂಟು ಹಣ, ಅದೇ ತಾವಾನ್. ಕೈಯಲ್ಲಿ ದುಡ್ಡಿಲ್ಲದವರು ಸಾಲಪತ್ರ ಬರೆದುಕೊಟ್ಟು ಬಡ್ಡಿ ಕಟ್ಟಿದ್ರು.

ಇದು ಕಾನೂನಿನ ಒಳಗೇ ನಡೀತು. 1885ರ ಬಂಗಾಳ ಗೇಣಿ ಕಾಯ್ದೆಯ ಪ್ರಕಾರ ಕರಾರಿನ ಮೂಲಕ ಗೇಣಿಯನ್ನ ರೂಪಾಯಿಗೆ ಎರಡಾಣೆಗಿಂತ ಹೆಚ್ಚು ಏರಿಸೋ ಹಾಗಿಲ್ಲ. ರೈತನ ರಕ್ಷಣೆಗೆ ಅಂತಲೇ ಮಾಡಿದ ಮಿತಿ. ಆದ್ರೆ ಅದಕ್ಕೊಂದು ವಿನಾಯಿತಿ ಇತ್ತು: ಜಮೀನ್ದಾರನ ಅನುಕೂಲಕ್ಕಾಗಿ ಒಂದು ನಿರ್ದಿಷ್ಟ ಬೆಳೆ ಬೆಳೆಯೋ ಹೊಣೆಯಿಂದ ರೈತನನ್ನ ಬಿಡಿಸಿದ್ರೆ ಮಿತಿ ಅನ್ವಯಿಸಲ್ಲ. ಬೆಳೆಗಾರರು ಹಿಡಿದಿದ್ದು ಈ ಸಾಲನ್ನೇ. ಸಾವಿರಾರು ಕರಾರುಗಳು ರಿಜಿಸ್ಟರ್ ಆದವು, ಅದಕ್ಕೆ ಅಂತಲೇ ವಿಶೇಷ ರಿಜಿಸ್ಟ್ರಾರ್‌ಗಳು ಬಂದರು. ಪ್ರತಿ ಕಾಗದದ ಮೇಲೂ ರೈತನ ಹೆಬ್ಬೆಟ್ಟು ಇದೆ. ಯಾರಾದ್ರೂ ಕೇಳಿದ್ರೆ ಉತ್ತರ ಸಿದ್ಧ: ಒಪ್ಪಿ ಸಹಿ ಹಾಕಿದ್ದಾರಲ್ಲ.

ಅಷ್ಟರಲ್ಲಿ 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯ್ತು. ಜರ್ಮನ್ ಬಣ್ಣ ಬರೋದು ನಿಂತು ಗಿಡದ ನೀಲಿಗೆ ಮತ್ತೆ ಬೆಲೆ ಬಂತು. 1916ರ ಹೊತ್ತಿಗೆ ಚಂಪಾರಣ್‌ನಲ್ಲಿ ನೀಲಿ ಮತ್ತೆ 20 ಸಾವಿರ ಎಕರೆ ದಾಟಿತ್ತು. ಅಂದ್ರೆ ಬೆಲೆ ಬಿದ್ದಾಗ ತಾವಾನ್ ಕೊಟ್ಟವನೂ ರೈತ, ಬೆಲೆ ಎದ್ದಾಗ ಮತ್ತೆ ನೀಲಿ ಬೆಳೆಯಬೇಕಾದವನೂ ರೈತ. 1917ರ ಜಗಳ ಇದರ ಬಗ್ಗೆ.

ಮೊದಲು ಸಿಟ್ಟು, ಆಮೇಲೆ ಒಬ್ಬ ಹಟಮಾರಿ

ಗಾಂಧಿ ಬರುವವರೆಗೆ ರೈತರು ಸುಮ್ಮನೆ ಕೂತಿರಲಿಲ್ಲ. 1907-08ರಲ್ಲಿ ಸಾಠಿ ಕೋಠಿಯ ಸುತ್ತ ಶೇಖ್ ಗುಲಾಬ್, ಶೀತಲ್ ರಾಯ್ ಅಂಥವರ ಮುಂದಾಳತ್ವದಲ್ಲಿ ರೈತರು ನೀಲಿ ಬಿತ್ತೋದಿಲ್ಲ ಅಂದರು. ಆ ಕಾಲದಲ್ಲಿ ಜಿಲ್ಲೆಯಲ್ಲಿ ಹೊಡೆದಾಟವೂ ಆಯ್ತು, ಒಬ್ಬ ಕೋಠಿ ಮ್ಯಾನೇಜರ್ ಕೊಲೆಯೂ ಆಯ್ತು. ಸರ್ಕಾರಕ್ಕೆ ಅಷ್ಟು ಸಾಕಾಗಿತ್ತು. ವಿಷಯ ಗೇಣಿಯದಾಗದೆ ಶಾಂತಿಭಂಗದ್ದಾಯ್ತು. ಪೊಲೀಸ್ ಬಂತು, ಬಂಧನ ಆಯ್ತು, ಜನ ಜೈಲಿಗೆ ಹೋದರು. ಗೌರ್ಲೆ ಅನ್ನೋ ಅಧಿಕಾರಿ ತನಿಖೆ ಮಾಡಿ 1909ರಲ್ಲಿ ವರದಿ ಕೊಟ್ಟರು, ಅದನ್ನ ಪ್ರಕಟಿಸಲೇ ಇಲ್ಲ. ಬೇತಿಯಾದಲ್ಲಿ ಮೇಷ್ಟರಾಗಿದ್ದ ಪೀರ್ ಮುಹಮ್ಮದ್ ಮೂನಿಸ್ ಕಾನ್ಪುರದ 'ಪ್ರತಾಪ್' ಪತ್ರಿಕೆಗೆ ಇಲ್ಲಿಯ ಸುದ್ದಿ ಬರೀತಿದ್ರು, ಅದಕ್ಕೆ ಕೆಲಸ ಕಳಕೊಂಡರು.

1916ರ ಡಿಸೆಂಬರ್‌ನಲ್ಲಿ ಲಖನೌ ಕಾಂಗ್ರೆಸ್. ಅಲ್ಲಿಗೆ ಬಂದವರಲ್ಲಿ ರಾಜ್‌ಕುಮಾರ್ ಶುಕ್ಲ ಒಬ್ಬರು. ಪುಸ್ತಕಗಳಲ್ಲಿ ಇವರನ್ನ "ಬಡ ರೈತ" ಅಂತ ಬರೆದಿರ್ತಾರೆ. ಅಷ್ಟು ಸರಳ ಇಲ್ಲ. ಶುಕ್ಲರಿಗೆ ಜಮೀನಿತ್ತು, ಸಾಲ ಕೊಡೋ ವ್ಯವಹಾರವೂ ಇತ್ತು. ಬೇಲ್ವಾ ಕೋಠಿಯ ಮ್ಯಾನೇಜರ್ ಜತೆ ಬಹುಕಾಲದ ಜಗಳ ಇತ್ತು. ಚಳವಳಿಯ ಮುಂದಾಳುಗಳಲ್ಲಿ ಇಂಥ ಅನುಕೂಲಸ್ಥ ರೈತರು ಸಾಕಷ್ಟು ಜನ ಇದ್ದರು ಅಂತ ಇತಿಹಾಸಕಾರರು ತೋರಿಸಿದ್ದಾರೆ. ಇದರಿಂದ ಅವರ ಕೆಲಸ ಸಣ್ಣದಾಗಲ್ಲ. ಮುಂದೆ ಏನು ಸಿಕ್ಕಿತು, ಯಾರಿಗೆ ಸಿಗಲಿಲ್ಲ ಅನ್ನೋದಕ್ಕೆ ಮಾತ್ರ ಇದು ನೆನಪಿರಲಿ.

ಗಾಂಧಿಗೆ ಆಗ ಚಂಪಾರಣ್ ಎಲ್ಲಿದೆ ಅಂತಲೂ ಗೊತ್ತಿರಲಿಲ್ಲ, ಹಾಗಂತ ಅವರೇ ಬರಕೊಂಡಿದ್ದಾರೆ. ಠರಾವು ಮಂಡಿಸಿ ಅಂದಾಗ ಕಣ್ಣಾರೆ ನೋಡದೆ ಮಾತಾಡಲ್ಲ ಅಂದರು, ಮಂಡಿಸಿದ್ದು ವಕೀಲ ಬ್ರಜ್‌ಕಿಶೋರ್ ಪ್ರಸಾದ್. ಶುಕ್ಲ ಬಿಡಲಿಲ್ಲ. ಕಾನ್ಪುರಕ್ಕೆ ಹಿಂದೆ ಹೋದರು, ಅಹಮದಾಬಾದ್ ಆಶ್ರಮಕ್ಕೂ ಹೋದರು, ದಿನಾಂಕ ಕೊಡಿ ಅಂತ ಕೂತರು. ಕೊನೆಗೆ 1917ರ ಏಪ್ರಿಲ್‌ನಲ್ಲಿ ಕಲ್ಕತ್ತೆಯಿಂದ ಇಬ್ಬರೂ ರೈಲು ಹತ್ತಿದ್ರು.

ಪಟ್ನಾದಲ್ಲಿ ಶುಕ್ಲ ಅವರನ್ನ ಕರ್ಕೊಂಡು ಹೋಗಿದ್ದು ವಕೀಲ ರಾಜೇಂದ್ರ ಪ್ರಸಾದರ ಮನೆಗೆ. ಅವರು ಊರಲ್ಲಿರಲಿಲ್ಲ. ಆಳುಗಳಿಗೆ ಈ ಮನುಷ್ಯ ಯಾರು, ಯಾವ ಜಾತಿ ಗೊತ್ತಿಲ್ಲ. ಬಾವಿಯಿಂದ ನೀರು ಸೇದೋಕೂ ಬಿಡಲಿಲ್ಲ, ಒಳಗಿನ ಕಕ್ಕಸಿಗೂ ಬಿಡಲಿಲ್ಲ. ಮುಂದೆ ದೇಶದ ರಾಷ್ಟ್ರಪತಿಯಾದವರ ಮನೆ ಅಂಗಳದಲ್ಲಿ ಗಾಂಧಿಗೆ ಸಿಕ್ಕ ಮೊದಲ ಸ್ವಾಗತ ಇದು.

"ನೀವು ಹೊರಗಿನವರು"

ಗಾಂಧಿ ನೇರ ಹಳ್ಳಿಗೆ ಹೋಗಲಿಲ್ಲ. ಮೊದಲು ಮುಜಫ್ಫರ್‌ಪುರದಲ್ಲಿ ಬೆಳೆಗಾರರ ಸಂಘದ ಕಾರ್ಯದರ್ಶಿಯನ್ನ ಕಂಡರು. "ಬೆಳೆಗಾರರಿಗೂ ರೈತರಿಗೂ ನಡುವೆ ಬರೋಕೆ ಹೊರಗಿನವರಾದ ನೀವು ಯಾರು" ಅನ್ನೋದು ಅಲ್ಲಿ ಸಿಕ್ಕ ಉತ್ತರದ ಸಾರ. ಆಮೇಲೆ ತಿರ್ಹುತ್ ವಿಭಾಗದ ಕಮಿಷನರ್ ಅನ್ನ ಕಂಡರು. ಆತ ಜಬರದಸ್ತಿಯಿಂದ, ತಕ್ಷಣ ವಾಪಸ್ ಹೋಗಿ ಅಂದ.

ಏಪ್ರಿಲ್ 15ಕ್ಕೆ ಮೋತಿಹಾರಿ. ಮರುದಿನ ರೈತನೊಬ್ಬನ ಮೇಲೆ ದೌರ್ಜನ್ಯ ಆಗಿದೆ ಅಂತ ತಿಳಿದು ಜಸೌಲಿಪಟ್ಟಿ ಅನ್ನೋ ಊರಿಗೆ ಆನೆ ಮೇಲೆ ಹೊರಟರು. ದಾರಿಯಲ್ಲೇ ಪೊಲೀಸ್ ಬಂದು ವಾಪಸ್ ಕರೆತಂದು ಜಿಲ್ಲೆ ಬಿಟ್ಟು ಹೋಗಿ ಅಂತ 144ನೇ ಸೆಕ್ಷನ್ ನೋಟಿಸ್ ಕೊಟ್ಟರು. ಹೋಗಲ್ಲ ಅಂತ ಬರೆದುಕೊಟ್ಟರು. 18ಕ್ಕೆ ಕೋರ್ಟ್.

ಅವತ್ತು ಮೋತಿಹಾರಿಯಲ್ಲಿ ಸಾವಿರಾರು ರೈತರು ಸೇರಿದ್ರು. ಯಾರೂ ಕರೆದಿರಲಿಲ್ಲ, ಕರಪತ್ರ ಇರಲಿಲ್ಲ. ಕೋಠಿಯ ಗುಮಾಸ್ತನನ್ನ ಕಂಡರೆ ದಾರಿ ಬಿಡ್ತಿದ್ದ ಜನ ಅವರು. ನೂಕುನುಗ್ಗಲಲ್ಲಿ ಅಧಿಕಾರಿಗಳಿಗೆ ಏನು ಮಾಡಬೇಕು ತೋಚಲಿಲ್ಲ, ಗಾಂಧಿಯೇ ಜನರನ್ನ ಸರಿಪಡಿಸೋಕೆ ಸಹಾಯ ಮಾಡಬೇಕಾಯ್ತು. ಸರ್ಕಾರಿ ವಕೀಲರು ವಿಚಾರಣೆ ಮುಂದೂಡಿ ಅಂತ ಕೇಳಿದ್ರು. ಗಾಂಧಿ ಬೇಡ, ನಾನು ಆಜ್ಞೆ ಮೀರಿದ್ದು ನಿಜ ಅಂತ ಒಪ್ಪಿಕೊಂಡರು. ಸರ್ಕಾರಕ್ಕೆ ಅಗೌರವ ತೋರಿಸೋಕಲ್ಲ, ಆತ್ಮಸಾಕ್ಷಿಯ ಆಜ್ಞೆ ಅದಕ್ಕಿಂತ ದೊಡ್ಡದು ಅಂತ ಮೀರಿದೆ ಅನ್ನೋದು ಹೇಳಿಕೆಯ ತಿರುಳು. ಮ್ಯಾಜಿಸ್ಟ್ರೇಟ್‌ಗೆ ಜಾಮೀನಿನ ಹಣ ಬೇಕಿತ್ತು, ಕೊಡಲ್ಲ ಅಂದರು. ಹಾಗೇ ಬಿಡಬೇಕಾಯ್ತು. ತೀರ್ಪು ಬರೋ ಮೊದಲೇ ಲೆಫ್ಟಿನೆಂಟ್ ಗವರ್ನರ್ ಎಡ್ವರ್ಡ್ ಗೇಟ್ ಕೇಸ್ ವಾಪಸ್ ತಗೊಂಡು, ತನಿಖೆಗೆ ಸಹಾಯ ಮಾಡಿ ಅಂತ ಕೆಳಗಿನವರಿಗೆ ಹೇಳಿದ್ರು.

ಇಲ್ಲಿ ಒಂದು ಸಣ್ಣ ಪ್ರಸಂಗ ನನಗೆ ಕೋರ್ಟಿಗಿಂತ ಮುಖ್ಯ ಅನ್ನಿಸುತ್ತೆ. ಜತೆಗಿದ್ದ ಬಿಹಾರದ ವಕೀಲರನ್ನ ಗಾಂಧಿ ಕೇಳ್ತಾರೆ: ನಾನು ಜೈಲಿಗೆ ಹೋದರೆ ನೀವೇನು ಮಾಡ್ತೀರಿ? ನೀವಿಲ್ಲದ ಮೇಲೆ ನಾವು ಮನೆಗೆ ಹೋಗ್ತೀವಿ ಅನ್ನೋ ಅರ್ಥದ ಉತ್ತರ ಬಂತು. ಹಾಗಾದ್ರೆ ರೈತರು? ವಕೀಲರು ತಮ್ಮೊಳಗೇ ಮಾತಾಡಿಕೊಂಡರು. ಈ ರೈತರಿಂದಲೇ ಫೀಸು ತಗೊಂಡು ಬದುಕಿದವರು ನಾವು, ಎಲ್ಲಿಂದಲೋ ಬಂದವರು ಜೈಲಿಗೆ ಹೋಗೋಕೆ ಸಿದ್ಧ, ನಾವು ಮನೆಗಾ? ವಾಪಸ್ ಬಂದು, ನಾವೂ ಜೈಲಿಗೆ ಬರ್ತೀವಿ ಅಂದರು. ಒಬ್ಬರಾದ ಮೇಲೆ ಒಬ್ಬರು ಹೋಗೋದು ಅಂತ ಸರದಿಯೂ ನಿಗದಿ ಆಯ್ತು.

ಎಂಟ್ರಿ, ವೆರಿಫಿಕೇಶನ್

ಸರಿ, ಜೈಲು ತಪ್ಪಿತು. ಆಮೇಲೆ ಏನು ಮಾಡಿದ್ರು? ಮೆರವಣಿಗೆ ಇಲ್ಲ, ಘೋಷಣೆ ಇಲ್ಲ, ಕಾಂಗ್ರೆಸ್ ಹೆಸರನ್ನೂ ಎತ್ತಬಾರದು ಅಂತ ಕಟ್ಟಪ್ಪಣೆ. ಕೂತು ಬರೆದುಕೊಂಡರು. ತಿಂಗಳುಗಟ್ಟಲೆ, ಸಾವಿರಾರು ರೈತರ ಹೇಳಿಕೆ.

ನಮ್ಮ ಕಸುಬಿನವರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ವಕೀಲರು ಪ್ರತಿಯೊಬ್ಬನನ್ನೂ ಪಾಟೀಸವಾಲು ಮಾಡಬೇಕು. ತಡವರಿಸಿದ್ರೆ, ಮಾತು ಬದಲಾದ್ರೆ ಆ ಹೇಳಿಕೆ ದಾಖಲಾಗಲ್ಲ. ಗುಪ್ತ ಪೊಲೀಸ್ ಪಕ್ಕದಲ್ಲೇ ಕೂತು ಕೇಳಬಹುದು, ಅವನಿಗೆ ಮುಚ್ಚುಮರೆ ಬೇಡ. ಇದರಿಂದ ರೈತ ಹೆದರುತ್ತಾನೆ ಅಂತ ಯಾರಾದ್ರೂ ಅಂದುಕೊಳ್ತಾರೆ. ಆಗಿದ್ದು ಉಲ್ಟಾ. ಪೊಲೀಸಿನ ಮುಂದೆಯೇ ಒಬ್ಬ ಹೇಳಿ ಹೆಬ್ಬೆಟ್ಟು ಒತ್ತಿ ಎದ್ದು ಹೋದ, ಏನೂ ಆಗಲಿಲ್ಲ ಅಂದಾಗ ಹಿಂದೆ ನಿಂತವನಿಗೂ ಧೈರ್ಯ ಬಂತು. ಜತೆಗೆ ಪೊಲೀಸ್ ಇದ್ದ ಕಾರಣ ಉತ್ಪ್ರೇಕ್ಷೆಯೂ ಕಮ್ಮಿಯಾಯ್ತು. ಕೋಠಿಯ ಕರಾರಿಗೆ ಬಿದ್ದ ಅದೇ ಹೆಬ್ಬೆಟ್ಟು ಈಗ ಆ ಕರಾರಿನ ವಿರುದ್ಧದ ಕಾಗದಕ್ಕೆ ಬಿತ್ತು.

ಅಹಿಂಸೆ ಇಲ್ಲಿ ಬರೀ ಹೊಡೆಯದೇ ಇರೋದಲ್ಲ. 1908ರಲ್ಲಿ ಸರ್ಕಾರಕ್ಕೆ ಗಲಾಟೆ ಅನ್ನೋ ನೆಪ ಸಿಕ್ಕಿತ್ತು. 1917ರಲ್ಲಿ ಆ ನೆಪ ಸಿಗದ ಹಾಗೆ ನೋಡಿಕೊಂಡು, ಬದಲಿಗೆ ಸಾವಿರಾರು ಪುಟ ಎದುರಿಗೆ ಇಟ್ಟರು. ಸಹಿ ಹಾಕಿದ್ದಾರಲ್ಲ ಅನ್ನೋದಕ್ಕೆ ಉತ್ತರ, ಆ ಸಹಿ ಹೇಗೆ ಬಿತ್ತು ಅನ್ನೋ ದಾಖಲೆ.

ಖರ್ಚೆಷ್ಟು? ಒಟ್ಟು 3,000 ರೂಪಾಯಿ ಮೀರಲಿಲ್ಲ ಅಂತ ಗಾಂಧಿ ಬರೆದಿದ್ದಾರೆ. ಚಂಪಾರಣ್ ರೈತರಿಂದ ಒಂದು ಕಾಸೂ ತಗೋಬಾರದು ಅಂತ ನಿಯಮ ಇತ್ತು. ಅನುಕೂಲಸ್ಥ ವಕೀಲರು ಒಬ್ಬೊಬ್ಬರೂ ಒಂದೊಂದು ಆಳು, ಒಬ್ಬ ಅಡಿಗೆಯವ, ಬೇರೆ ಬೇರೆ ಒಲೆ ಇಟ್ಟುಕೊಂಡು ಬಂದಿದ್ರು. ಕೆಲವರ ಊಟ ರಾತ್ರಿ ಹನ್ನೆರಡಾದ್ರೂ ಮುಗೀತಿರಲಿಲ್ಲ. ಗಾಂಧಿ ತಮಾಷೆ ಮಾಡಿ ಮಾಡಿ ಕೊನೆಗೆ ಆಳುಗಳನ್ನ ಕಳಿಸಿ, ಎಲ್ಲಾ ಜಾತಿಯವರಿಗೂ ಒಂದೇ ಒಲೆ ಮಾಡಿಸಿದ್ರು.

ಸಿಕ್ಕಿದ್ದೆಷ್ಟು

ಜೂನ್‌ನಲ್ಲಿ ಸರ್ಕಾರ ಎಫ್.ಜಿ. ಸ್ಲೈ ಅಧ್ಯಕ್ಷತೆಯಲ್ಲಿ ತನಿಖಾ ಸಮಿತಿ ಮಾಡಿತು. ಬೆಳೆಗಾರರ ಪ್ರತಿನಿಧಿ ಇದ್ದರು, ಜಮೀನ್ದಾರರ ಕಡೆಯವರು ಇದ್ದರು, ರೈತರ ಕಡೆಗೆ ಗಾಂಧಿ. ಅಕ್ಟೋಬರ್ ಮೊದಲ ವಾರ ಒಮ್ಮತದ ವರದಿ ಬಂತು. ಅದರ ಮೇಲೆ 1918ರ ಚಂಪಾರಣ್ ಕೃಷಿ ಕಾಯ್ದೆ.

ತೀನ್‌ಕಠಿಯಾ ರದ್ದು. ಏರಿಸಿದ್ದ ಗೇಣಿಯ ಏರಿಕೆಯಲ್ಲಿ ಕೋಠಿಗೆ ತಕ್ಕಂತೆ ನೂರಕ್ಕೆ 20ರಿಂದ 26ರಷ್ಟು ಕಡಿತ. ತಾವಾನ್‌ನಲ್ಲಿ ನೂರಕ್ಕೆ 25 ವಾಪಸ್.

ಬರೀ ಕಾಲುಭಾಗ. ನಾನು ಮೊದಲ ಸಲ ಓದಿದಾಗ ನಿರಾಸೆ ಆಗಿತ್ತು. ಅಷ್ಟೊಂದು ಸಾಕ್ಷಿ ಇಟ್ಟುಕೊಂಡು ಮುಕ್ಕಾಲು ಭಾಗ ಬಿಟ್ಟುಕೊಟ್ಟರಾ? ಗಾಂಧಿಯ ಲೆಕ್ಕ ಬೇರೆ ಇತ್ತು. ಬೆಳೆಗಾರ ಒಂದು ರೂಪಾಯಿ ವಾಪಸ್ ಕೊಟ್ಟರೂ, ತಗೊಂಡಿದ್ದು ತಪ್ಪು ಅಂತ ಒಪ್ಪಿದ ಹಾಗೆ. ಕೋಠಿಯವರು ಸೋಲುತ್ತಾರೆ ಅನ್ನೋದನ್ನ ಅಲ್ಲಿ ಯಾರೂ ಅಲ್ಲಿಯವರೆಗೆ ಕಂಡಿರಲಿಲ್ಲ. ಈ ವಾದ ನನಗೆ ಬಹಳಷ್ಟು ಮಟ್ಟಿಗೆ ಒಪ್ಪಿಗೆ. ಕೆಲವೇ ವರ್ಷಗಳಲ್ಲಿ ಬೆಳೆಗಾರರು ಒಬ್ಬೊಬ್ಬರಾಗಿ ಕಾಲ್ತೆಗೆದದ್ದೂ ನಿಜ. ಆದ್ರೆ ಪೂರ್ತಿ ಒಪ್ಪಿಗೆ ಇಲ್ಲ. ಸಮಿತಿ ನೋಡಿದ್ದು ಜಮೀನಿದ್ದ ರೈತನನ್ನ. ಸೊಂಟದ ಮಟ್ಟದ ನೀರಲ್ಲಿ ನಿಂತು ನೀಲಿ ಬಡೀತಿದ್ದ ಕೂಲಿಯವನಿಗೆ ವಾಪಸ್ ಬರಬೇಕಾದ ತಾವಾನೇ ಇರಲಿಲ್ಲ, ಯಾಕಂದ್ರೆ ಅವನಿಗೆ ನೆಲವೇ ಇರಲಿಲ್ಲ. ಜಮೀನ್ದಾರಿ ಹಾಗೇ ಉಳೀತು. ಮುಂದೆ ನೀಲಿಯ ಜಾಗಕ್ಕೆ ಕಬ್ಬು, ಸಕ್ಕರೆ ಕಾರ್ಖಾನೆ ಬಂತು.

ಬೆಳಗಾವಿಯಿಂದ ಹೋದವರು

ಇದು ಗಾಂಧಿಗೂ ಗೊತ್ತಿತ್ತು ಅಂತ ಕಾಣುತ್ತೆ. ಹಳ್ಳಿಯಲ್ಲಿ ಓದು, ಶುಚಿ, ಔಷಧಿ ಇಲ್ಲದೆ ಬರೀ ಕಾಯ್ದೆಯಿಂದ ಏನೂ ನಿಲ್ಲಲ್ಲ ಅಂತ 1917ರ ನವೆಂಬರ್‌ನಿಂದ ಬಡಹರ್‌ವಾ, ಭಿತಿಹರ್‌ವಾ, ಮಧುಬನ್‌ಗಳಲ್ಲಿ ಶಾಲೆ ಶುರು ಮಾಡಿದ್ರು. ಸ್ವಯಂಸೇವಕರು ಬೇಕು ಅಂತ ಕರೆ ಕೊಟ್ಟರು. ಮುಂಬೈಯಿಂದ ಅವಂತಿಕಾಬಾಯಿ ಗೋಖಲೆ ಹೋದರು. ಪುಣೆಯಿಂದ ಆನಂದಿಬಾಯಿ ವೈಶಂಪಾಯನ್ ಹೋದರು.

ಮತ್ತು ನಮ್ಮ ಬೆಳಗಾವಿಯಿಂದ ಇಬ್ಬರು. ಹುದಲಿಯ ಗಂಗಾಧರರಾವ್ ದೇಶಪಾಂಡೆ ಅವರು ಕಳಿಸಿದ್ದು ವಕೀಲ ಬಾಬಾಸಾಹೇಬ್ ಸೋಮಣ ಮತ್ತು ಪುಂಡಲೀಕ ಕಾತಗಡೆಯವರನ್ನ. ಚಂಪಾರಣ್ ಬಗ್ಗೆ ಓದ್ತಾ ಹೋದಾಗ ಈ ಹೆಸರುಗಳು ಎದುರಾಗಿ ನಾನು ನಿಜವಾಗಿ ಎದ್ದು ಕೂತೆ.

ಭಿತಿಹರ್‌ವಾ ನೇಪಾಳದ ಗಡಿ ಹತ್ತಿರದ ಹಳ್ಳಿ. ಅಲ್ಲಿಯ ಶಾಲೆ ನೋಡಿಕೊಳ್ತಿದ್ದವರು ಸೋಮಣ ಮತ್ತು ಕಸ್ತೂರ್‌ಬಾ. ಊರವರು ಬಿದಿರು, ಹುಲ್ಲಿನಿಂದ ಕಟ್ಟಿದ್ದ ಶಾಲೆಗೆ ಒಂದು ರಾತ್ರಿ ಬೆಂಕಿ ಬಿತ್ತು. ಕೋಠಿ ಕಡೆಯವರದೇ ಕೆಲಸ ಅಂತ ಅನುಮಾನ ಇತ್ತು. ಮತ್ತೆ ಹುಲ್ಲಿನದು ಕಟ್ಟಿದ್ರೆ ಮತ್ತೆ ಸುಡಬಹುದು. ಸೋಮಣ ಇಟ್ಟಿಗೆಯದೇ ಕಟ್ಟೋಣ ಅಂತ ತಾವೇ ಕೆಲಸಕ್ಕೆ ಇಳಿದ್ರು. ಅವರನ್ನ ನೋಡಿ ಊರವರು ಕೈ ಹಾಕಿದ್ರು, ಬೇಗನೇ ಇಟ್ಟಿಗೆ ಕಟ್ಟಡ ಎದ್ದಿತು. ಪೊಲೀಸ್ ದೂರು, ಕೋರ್ಟು ಯಾವುದಕ್ಕೂ ಹೋಗದೆ ಕೊಟ್ಟ ಉತ್ತರ ಅದು. ಬೆಳಗಾವಿಯ ಒಬ್ಬ ವಕೀಲ ತನ್ನದಲ್ಲದ ಭಾಷೆಯ ಊರಿನಲ್ಲಿ ಇಟ್ಟಿಗೆ ಹೊರುತ್ತಾ ಇದ್ದಾನೆ. ಬೆಳೆಗಾರರ ಕಾರ್ಯದರ್ಶಿಯ ಮಾತಲ್ಲಿ ಹೇಳಬೇಕಾದ್ರೆ, ಹೊರಗಿನವನು.

ಅಲ್ಲೇ ಹತ್ತಿರದ ಹಳ್ಳಿಯ ಒಬ್ಬ ಹೆಂಗಸನ್ನ, ಬಟ್ಟೆ ಯಾಕಮ್ಮಾ ಒಗೆಯಲ್ಲ ಅಂತ ಕಸ್ತೂರ್‌ಬಾ ಕೇಳಿದ್ರು. ಆಕೆ ಗುಡಿಸಲೊಳಗೆ ಕರೆದು ತೋರಿಸಿದಳು. ಪೆಟ್ಟಿಗೆ ಇಲ್ಲ, ಬೀರು ಇಲ್ಲ, ಇರೋದು ಮೈಮೇಲಿನ ಒಂದೇ ಸೀರೆ. ಅದನ್ನ ಒಗೆದರೆ ಏನು ಉಡಲಿ ಅಂದಳು. ಯುರೋಪಿನ ಬಟ್ಟೆಗೆ ಬಣ್ಣ ಕೊಟ್ಟ ಜಿಲ್ಲೆಯ ಹೆಂಗಸು ಅವಳು.

ಆ ಕೆಲಸ ಬಹಳ ದಿನ ನಡೀಲಿಲ್ಲ. ಬಂದವರು ತಮ್ಮ ಅವಧಿ ಮುಗಿಸಿ ಹೋದರು, ಹೊಸಬರು ಸಿಗಲಿಲ್ಲ, ಗಾಂಧಿಯನ್ನ ಅಹಮದಾಬಾದ್ ಗಿರಣಿ, ಖೇಡಾ ರೈತರು ಕರೆದ್ರು. ಕೆಲವು ವರ್ಷ ಇದ್ದು ಇದನ್ನ ಮುಂದುವರಿಸೋ ಆಸೆ ಈಡೇರಲಿಲ್ಲ ಅಂತ ಅವರೇ ಬರಕೊಂಡಿದ್ದಾರೆ. ರಾಜ್‌ಕುಮಾರ್ ಶುಕ್ಲ 1929ರಲ್ಲಿ ತೀರಿಕೊಂಡರು.

ನಾನಿರೋ ಪುಣೆಯ ಸೊಸೈಟಿಯಲ್ಲಿ ರಾತ್ರಿ ಪಾಳಿಯ ವಾಚ್‌ಮನ್ ಬೇತಿಯಾ ಕಡೆಯವರು. ಈ ಮಾತು ತಯಾರು ಮಾಡುವಾಗ ಅವರ ಜತೆ ಒಂದಿಷ್ಟು ಹೊತ್ತು ಕೂತಿದ್ದೆ. ಗಾಂಧೀಜಿ ಬಂದಿದ್ದು ಗೊತ್ತು, ಊರ ಹತ್ತಿರ ಕೋಠಿ ಅಂತ ಒಂದು ಹಾಳು ಜಾಗ ಇದೆ, ಚಿಕ್ಕವರಿದ್ದಾಗ ಅಲ್ಲಿ ಆಡ್ತಿದ್ವಿ ಅಂದರು. ಆಮೇಲೆ ನಾನು, ನಿಮ್ಮ ಏಜೆನ್ಸಿಯವರು ಕೆಲಸಕ್ಕೆ ಸೇರುವಾಗ ಏನಾದ್ರೂ ಕಾಗದಕ್ಕೆ ಸಹಿ ಹಾಕಿಸಿಕೊಂಡ್ರಾ ಅಂತ ಕೇಳಿದೆ. "ಹಾಕಿಸಿಕೊಂಡ್ರು ಸಾಬ್." ಏನು ಬರೆದಿತ್ತು? "ಇಂಗ್ಲಿಷಲ್ಲಿತ್ತು" ಅಂದರು. ಒಂದು ಪ್ರತಿ ಕೇಳಿ ಇಸ್ಕೊಳ್ಳಿ, ಓದಿ ಹೇಳ್ತೀನಿ ಅಂದಿದ್ದೀನಿ. ಇನ್ನೂ ತಂದಿಲ್ಲ, ಮತ್ತೆ ಕೇಳಬೇಕು.

ಮುಂದಿನ ವಾರ ಖೇಡಾ ಬಗ್ಗೆ ಮಾತಾಡೋಣ.